ಉಂಬಳಿ ಯಾರದು, ಊಳಿಗ ಯಾರದು?

ಇಂಗ್ಲೆಂಡಿನ ಹಳ್ಳಿ ಪಾದ್ರಿಯ ಹುದ್ದೆಗೆ ಹೊಲ, ಮನೆ, ಊರ ಬೆಳೆಯ ಹತ್ತನೇ ಒಂದು ಪಾಲು ಸೇರಿಕೊಂಡೇ ಬರುತ್ತಿದ್ದವು. ಆ ಆದಾಯ ದುಡಿಮೆಯಿಂದ ಬೇರಾದದ್ದು ಹೇಗೆ, ಮತ್ತೆ ಒಂದಾಗಲು ಎಷ್ಟು ಕಾಲ ಹಿಡಿಯಿತು ಎಂಬುದರ ಕಥೆ ಇದು.

ಜೇನ್ ಆಸ್ಟಿನ್‌ಳ ‘ಪ್ರೈಡ್ ಅಂಡ್ ಪ್ರೆಜುಡೀಸ್’ ಓದಿದವರಿಗೆ ವಿಕಮ್ ನೆನಪಿರುತ್ತಾನೆ. ಡಾರ್ಸಿಯ ತಂದೆ ತನಗೆಂದು ಹೇಳಿಟ್ಟಿದ್ದ ಚರ್ಚಿನ ಹುದ್ದೆಯನ್ನು ಡಾರ್ಸಿ ತಪ್ಪಿಸಿದನೆಂದು ಅವನು ಕಂಡವರ ಮುಂದೆಲ್ಲ ಅಳಲು ತೋಡಿಕೊಳ್ಳುತ್ತಾನೆ. ನಿಜ ಸಂಗತಿ ಡಾರ್ಸಿಯ ಪತ್ರದಲ್ಲಿ ಹೊರಬೀಳುತ್ತದೆ: ಆ ಹುದ್ದೆಯ ಮೇಲಿನ ಹಕ್ಕನ್ನು ವಿಕಮ್ ತಾನಾಗಿಯೇ ಬಿಟ್ಟುಕೊಟ್ಟು, ಬದಲಿಗೆ 3,000 ಪೌಂಡ್ ಎಣಿಸಿಕೊಂಡಿದ್ದ. ಊರಿನ ಹುಟ್ಟು, ಮದುವೆ, ಸಾವುಗಳಲ್ಲಿ ಜನರ ಜೊತೆ ನಿಲ್ಲಬೇಕಾದ ಪಾದ್ರಿಯ ಹುದ್ದೆ ಒಂದು ಜಮೀನ್ದಾರ ಮನೆತನದ ಕೈಯಲ್ಲಿತ್ತು. ಅದಕ್ಕೊಂದು ಬೆಲೆಯೂ ಇತ್ತು. ಅಂದಿನ ಓದುಗರಿಗೆ ಇದರಲ್ಲಿ ಅಚ್ಚರಿಯೇನೂ ಕಂಡಿರಲಾರದು. ಆಸ್ಟಿನ್‌ಳ ತಂದೆ ಜಾರ್ಜ್ ಆಸ್ಟಿನ್ ಹ್ಯಾಂಪ್‌ಶೈರ್‌ನ ಸ್ಟೀವನ್ಟನ್ ಹಳ್ಳಿಯ ಪಾದ್ರಿಯಾದದ್ದು ಶ್ರೀಮಂತ ಬಂಧು ಥಾಮಸ್ ನೈಟ್ ಆ ಹುದ್ದೆಯನ್ನು ಕೊಟ್ಟಿದ್ದರಿಂದ. ಪಕ್ಕದ ಡೀನ್ ಹಳ್ಳಿಯ ಹುದ್ದೆಯನ್ನು ಅವನಿಗಾಗಿ ಕೊಂಡುಕೊಟ್ಟವನು ದೊಡ್ಡಪ್ಪ ಫ್ರಾನ್ಸಿಸ್ ಆಸ್ಟಿನ್. ಎರಡು ಊರು, ಎರಡು ಚರ್ಚು, ಪಾದ್ರಿ ಒಬ್ಬನೇ.

ಇಂಥ ಹುದ್ದೆಗೆ ಕಾನೂನಿನ ಭಾಷೆಯಲ್ಲಿ ಬೆನಿಫಿಸ್ ಎಂದೂ ಜನರ ಮಾತಿನಲ್ಲಿ ಲಿವಿಂಗ್ ಎಂದೂ ಹೆಸರು. ನಮ್ಮಲ್ಲಿ ದೇವಸ್ಥಾನದ ಅರ್ಚಕನಿಗೆ ಪೂಜೆ ನಡೆಸಿಕೊಂಡು ಹೋಗಲೆಂದು ಬಿಟ್ಟ ಉಂಬಳಿ ಜಮೀನನ್ನು ಬಲ್ಲವರಿಗೆ ಇದರ ಮೂಲ ತತ್ವ ಕೂಡಲೇ ಹಿಡಿಯುತ್ತದೆ: ಕೆಲಸಕ್ಕೆಂದು ಆದಾಯ, ಕೆಲಸ ಮಾಡುವವನಿಗೆ ಅದರ ಅನುಭೋಗ. ಇಂಗ್ಲೆಂಡಿನ ಬೆನಿಫಿಸ್‌ನ ಚರಿತ್ರೆಯನ್ನು ಓದುತ್ತ ಹೋದರೆ ಈ ಸರಳ ತತ್ವ ಎಷ್ಟು ಬಗೆಯಲ್ಲಿ ಮುರಿಯಬಲ್ಲದು ಎಂಬುದೂ, ಮುರಿದಾಗಲೆಲ್ಲ ಅದನ್ನು ನೆನಪಿಸಲು ಯಾರೋ ಎದ್ದುನಿಂತರು ಎಂಬುದೂ ತಿಳಿಯುತ್ತದೆ.

ನಾಲ್ಕು ಪಾಲಿನ ಬುತ್ತಿ

ಮೊದಲ ಶತಮಾನಗಳಲ್ಲಿ ಪಾದ್ರಿಗೆ ಪ್ರತ್ಯೇಕ ಆಸ್ತಿ ಇರಲಿಲ್ಲ. ಭಕ್ತರ ಕಾಣಿಕೆಯೆಲ್ಲ ಬಿಷಪನ ಬಳಿ ಸೇರುತ್ತಿತ್ತು. 5ನೇ ಶತಮಾನದ ಕೊನೆಯಲ್ಲಿ ಪೋಪ್ ಗೆಲಾಸಿಯಸ್ ಅದನ್ನು ನಾಲ್ಕು ಪಾಲು ಮಾಡಬೇಕೆಂದು ವಿಧಿಸಿದ: ಬಿಷಪನಿಗೊಂದು, ಪಾದ್ರಿಗಳಿಗೊಂದು, ಕಟ್ಟಡದ ದುರಸ್ತಿಗೊಂದು, ಬಡವರಿಗೊಂದು. ಈ ನಾಲ್ಕನೆಯ ಪಾಲನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಸಾವಿರ ವರ್ಷಗಳಲ್ಲಿ ಮೊದಲು ಕಳೆದುಹೋದದ್ದು ಅದೇ.

ಚರ್ಚು ಪಟ್ಟಣ ಬಿಟ್ಟು ಹಳ್ಳಿಗಳಿಗೆ ಹರಡಿದಂತೆ ಒಂದೇ ಖಜಾನೆಯ ಪದ್ಧತಿ ಸಾಲದಾಯಿತು. ಊರಿನ ಒಡೆಯ ತನ್ನ ನೆಲದಲ್ಲಿ ಚರ್ಚು ಕಟ್ಟಿಸಿ, ಪಾದ್ರಿಯ ಜೀವನಕ್ಕೆಂದು ಒಂದಷ್ಟು ಹೊಲ ಬಿಡುತ್ತಿದ್ದ. ಆ ಹೊಲಕ್ಕೆ ಗ್ಲೀಬ್ ಎಂದು ಹೆಸರು. ಕಟ್ಟಿಸಿದವನು ತಾನಾದ್ದರಿಂದ ಪಾದ್ರಿಯನ್ನು ಆರಿಸುವ ಹಕ್ಕನ್ನೂ ತನ್ನಲ್ಲೇ ಇಟ್ಟುಕೊಂಡ. ಮುಂದೆ ಇದೇ ಹಕ್ಕು ಅಡ್ವೌಸನ್ ಎಂಬ ಹೆಸರಿನಲ್ಲಿ ಹೊಲ ಮನೆಗಳಂತೆ ಮಾರಬಹುದಾದ, ಮಕ್ಕಳಿಗೆ ಬಿಟ್ಟುಹೋಗಬಹುದಾದ ಆಸ್ತಿಯಾಯಿತು. ಯುರೋಪಿನ ಮುಖ್ಯ ಭೂಭಾಗದಲ್ಲಿ 779ರಲ್ಲಿ ಫ್ರಾಂಕರ ದೊರೆ ಶಾರ್ಲಮೇನ್ ದಶಾಂಶವನ್ನು, ಅಂದರೆ ಬೆಳೆಯ ಹತ್ತನೇ ಒಂದು ಪಾಲನ್ನು, ಕಡ್ಡಾಯ ಮಾಡಿದ. ಇಂಗ್ಲೆಂಡಿನ ರಾಜರೂ 10ನೇ ಶತಮಾನದಲ್ಲಿ ಅದಕ್ಕೆ ಕಾನೂನಿನ ಬಲ ಕೊಟ್ಟರು. ಗೋಧಿ, ಬಾರ್ಲಿ, ಹುಲ್ಲು, ಕುರಿಮರಿ, ಉಣ್ಣೆ, ಹಾಲು, ಮೊಟ್ಟೆ, ಸೇಬು ಹೀಗೆ ನೆಲ ಕೊಟ್ಟದ್ದರಲ್ಲೆಲ್ಲ ಹತ್ತರಲ್ಲೊಂದು ಚರ್ಚಿಗೆ.

ಹೊಸ ಪಾದ್ರಿ ಬಂದಾಗ ನಡೆಯುವ ವಿಧಿಯಲ್ಲೇ ಈ ಹುದ್ದೆಯ ಎರಡು ಮುಖಗಳು ಕಾಣುತ್ತವೆ. ಒಡೆಯ ಹೆಸರು ಸೂಚಿಸುತ್ತಾನೆ. ಬಿಷಪ್ ಆ ಪಾದ್ರಿಗೆ ಊರಿನ ಆತ್ಮಗಳ ಹೊಣೆ ಒಪ್ಪಿಸುತ್ತಾನೆ. ಆಮೇಲೆ ಬಿಷಪನ ಅಧಿಕಾರಿಯಾದ ಆರ್ಚ್‌ಡೀಕನ್ ಅವನ ಕೈಹಿಡಿದು ಚರ್ಚಿನ ಬಾಗಿಲ ಹಿಡಿಯ ಮೇಲಿಡುತ್ತಾನೆ. ಅಲ್ಲಿಗೆ ಕಟ್ಟಡ, ಹೊಲ, ಆದಾಯಗಳ ಸ್ವಾಧೀನ ಅವನದಾಗುತ್ತದೆ. ಪಾದ್ರಿ ತಾನೇ ಗಂಟೆ ಬಾರಿಸಿ ಊರಿಗೆ ಸುದ್ದಿ ಮುಟ್ಟಿಸುತ್ತಾನೆ. ಹೊಣೆ ಮೊದಲು, ಆದಾಯ ಆಮೇಲೆ. ವಿಧಿ ಈ ಅನುಕ್ರಮವನ್ನು ಎಂದೂ ತಪ್ಪಿಸಲಿಲ್ಲ. ಲೋಕವ್ಯವಹಾರ ತಪ್ಪಿಸಿತು.

ಕಾಳು ಒಬ್ಬರಿಗೆ, ಕೋಳಿಮೊಟ್ಟೆ ಇನ್ನೊಬ್ಬರಿಗೆ

ಮೊದಲ ಬಿರುಕು ಮೂಡಿದ್ದು ಧರ್ಮದ ಹೆಸರಿನಲ್ಲೇ. ಪುಣ್ಯ ಬಯಸಿದ ಒಡೆಯರು ತಮ್ಮ ಊರಿನ ಚರ್ಚುಗಳನ್ನು ಮಠಗಳಿಗೆ ದಾನ ಮಾಡತೊಡಗಿದರು. ದಾನ ಪಡೆದ ಮಠವೇ ಆ ಊರಿನ ರೆಕ್ಟರ್, ಅಂದರೆ ದಶಾಂಶಕ್ಕೆ ಹಕ್ಕುದಾರ, ಆಗುತ್ತಿತ್ತು. ಕಾಳು, ಹುಲ್ಲುಗಳ ದೊಡ್ಡ ದಶಾಂಶ ಮಠದ ಕಣಜ ಸೇರುತ್ತಿತ್ತು. ಊರಲ್ಲಿ ಪೂಜೆ ನಡೆಸಲು ಮಠ ಒಬ್ಬ ಬದಲಿಯನ್ನು ಇಡುತ್ತಿತ್ತು, ಆತ ವಿಕಾರ್. ಅವನ ಪಾಲಿಗೆ ಕುರಿಮರಿ, ಮೊಟ್ಟೆ, ಹಣ್ಣುಗಳ ಸಣ್ಣ ದಶಾಂಶ. ಇಂದಿಗೂ ಇಂಗ್ಲೆಂಡಿನಲ್ಲಿ ಒಂದು ಊರಿನ ಪಾದ್ರಿ ರೆಕ್ಟರ್, ಪಕ್ಕದ ಊರಿನವನು ವಿಕಾರ್ ಎನಿಸಿಕೊಳ್ಳುವುದಕ್ಕೆ ಹೆಚ್ಚಿನ ಕಡೆ ಈ ಹಳೆಯ ಪಾಲುಪಟ್ಟಿಯೇ ಕಾರಣ.

ಊರಿನ ಬಡವರಿಗೆ ಇದರ ಪೆಟ್ಟು ತಗುಲಿತು. ಹತ್ತಾರು ಹರದಾರಿ ಆಚೆಯ ಮಠಕ್ಕೆ ಕಾಳು ಹೊರಟುಹೋದ ಮೇಲೆ ಹಸಿದವನು ಬಡಿಯಬೇಕಾದದ್ದು ಯಾರ ಬಾಗಿಲು? ಈ ದೂರು ಪಾರ್ಲಿಮೆಂಟನ್ನು ಮುಟ್ಟಿತು. ಎರಡನೇ ರಿಚರ್ಡ್‌ನ ಕಾಲದಲ್ಲಿ, 1391ರ ಶಾಸನವೊಂದು, ಇನ್ನು ಮುಂದೆ ಚರ್ಚನ್ನು ಮಠಕ್ಕೆ ವಹಿಸುವಾಗ ಊರಿನ ಬಡವರಿಗೆ ವರ್ಷವರ್ಷ ಇಂತಿಷ್ಟು ಹಂಚಲೇಬೇಕು, ವಿಕಾರನ ಜೀವನಕ್ಕೆ ಸಾಕಷ್ಟು ಎತ್ತಿಡಲೇಬೇಕು ಎಂದು ವಿಧಿಸಿತು. ಗೆಲಾಸಿಯಸ್ ಹೇಳಿದ ನಾಲ್ಕನೆಯ ಪಾಲನ್ನು ಒಂಬತ್ತು ಶತಮಾನಗಳ ನಂತರ ಕಾನೂನು ಮತ್ತೆ ಕೈಹಿಡಿಯಲು ನೋಡಿದ ಗಳಿಗೆ ಅದು.

1536ರಿಂದ 1540ರ ನಡುವೆ ಎಂಟನೇ ಹೆನ್ರಿ ಮಠಗಳನ್ನೆಲ್ಲ ಮುಚ್ಚಿಸಿದಾಗ ಈ ದಶಾಂಶಗಳು ಹಳ್ಳಿ ಪಾದ್ರಿಗಳಿಗೆ ಮರಳಬಹುದಿತ್ತು. ಮರಳಲಿಲ್ಲ. ಮಠದ ನೆಲದೊಂದಿಗೆ ಅವೂ ಅರಸನಿಗೆ ಹೋಗಿ, ಅಲ್ಲಿಂದ ಆಸ್ಥಾನಿಕರಿಗೂ ವ್ಯಾಪಾರಿಗಳಿಗೂ ಮಾರಾಟವಾದವು. ಎಂದೂ ಪ್ರಾರ್ಥನೆ ನಡೆಸದ, ದೀಕ್ಷೆಯೇ ಇಲ್ಲದ ಗೃಹಸ್ಥರು ರೆಕ್ಟರುಗಳಾಗಿ ದಶಾಂಶ ಉಣ್ಣತೊಡಗಿದರು. ಆದಾಯ ಊಳಿಗದಿಂದ ಪೂರಾ ಕಳಚಿಕೊಂಡಿತು.

ಒಬ್ಬನಿಗೆ ಇಪ್ಪತ್ತು ಊರು

ಎರಡನೆಯ ಬಿರುಕು ಪಾದ್ರಿಗಳ ಒಳಗಿನಿಂದಲೇ ಬಂತು. ಹುದ್ದೆಯೊಂದು ಆದಾಯ ತರುವುದಾದರೆ ಎರಡು ಹುದ್ದೆ ಇನ್ನೂ ಹೆಚ್ಚು ತರುತ್ತವಲ್ಲ! 1215ರ ನಾಲ್ಕನೇ ಲ್ಯಾಟರನ್ ಸಭೆ ಆತ್ಮಗಳ ಹೊಣೆಯಿರುವ ಎರಡು ಬೆನಿಫಿಸ್‌ಗಳನ್ನು ಒಬ್ಬನೇ ಹಿಡಿಯುವುದನ್ನು ನಿಷೇಧಿಸಿತು. ಜೊತೆಗೆ, ಕುಲೀನರಿಗೂ ವಿದ್ವಾಂಸರಿಗೂ ಪೋಪ್ ವಿನಾಯಿತಿ ಕೊಡಬಹುದೆಂದು ಒಂದು ಕಿಂಡಿಯನ್ನೂ ಬಿಟ್ಟಿತು. ಆ ಕಿಂಡಿಯೇ ಹೆಬ್ಬಾಗಿಲಾಯಿತು. ಗ್ಲಾಸ್ಟರ್‌ನ ಅರ್ಲ್‌ನ ಮಗ ಬೋಗೋ ಡಿ ಕ್ಲೇರ್ 1294ರಲ್ಲಿ ಸಾಯುವ ಹೊತ್ತಿಗೆ ಇಪ್ಪತ್ತಕ್ಕೂ ಹೆಚ್ಚು ಪ್ಯಾರಿಷ್‌ಗಳ (ಒಂದೊಂದು ಚರ್ಚಿನ ಹೊಣೆಗೆ ಸೇರಿದ ಊರುಗಳ) ಆದಾಯ ಅವನದಾಗಿತ್ತು. ಎಂಟನೇ ಹೆನ್ರಿಯ ಮಂತ್ರಿ ಕಾರ್ಡಿನಲ್ ವೂಲ್ಸಿ 1514ರಿಂದ ಯಾರ್ಕ್‌ನ ಆರ್ಚ್‌ಬಿಷಪ್ ಆಗಿದ್ದುಕೊಂಡೇ ಬಾತ್, ಡರ್ಹಮ್, ವಿಂಚೆಸ್ಟರ್‌ಗಳ ಬಿಷಪ್ ಹುದ್ದೆಗಳನ್ನು ಒಂದಾದ ಮೇಲೊಂದರಂತೆ ಜೊತೆಗಿಟ್ಟುಕೊಂಡ. ಅರಸನ ಕೃಪೆ ಕಳೆದುಕೊಂಡು 1530ರಲ್ಲಿ ಉತ್ತರಕ್ಕೆ ಹೊರಡುವವರೆಗೂ ತನ್ನ ಯಾರ್ಕ್ ಪ್ರಾಂತಕ್ಕೆ ಕಾಲಿಟ್ಟಿರಲಿಲ್ಲ.

ಮಾರ್ಟಿನ್ ಲೂಥರ್‌ನ ಸುಧಾರಣೆಯ ಗಾಳಿ ಈ ಕಳೆಯನ್ನು ಕೀಳಬಹುದೆಂದು ಎಣಿಸಿದ್ದವರಿಗೆ ನಿರಾಸೆ ಕಾದಿತ್ತು. ರೋಮಿನ ಸಂಬಂಧ ಕಡಿದುಕೊಂಡ ಇಂಗ್ಲೆಂಡಿನ ಚರ್ಚಿನಲ್ಲೂ ಪದ್ಧತಿ ಹಾಗೆಯೇ ಉಳಿಯಿತು. 1782ರಿಂದ 1816ರವರೆಗೆ ವೇಲ್ಸ್‌ನ ಲಾಂಡಾಫ್‌ಗೆ ಬಿಷಪ್ ಆಗಿದ್ದ ರಿಚರ್ಡ್ ವಾಟ್ಸನ್, ತನ್ನ ಕಾಲದ ಬಹುಭಾಗವನ್ನು ನೂರಾರು ಕಿಲೋಮೀಟರ್ ಆಚೆ, ವಿಂಡರ್ಮಿಯರ್ ಸರೋವರದ ದಂಡೆಯ ಸ್ವಂತ ಮನೆಯಲ್ಲಿ ಮರಗಳನ್ನು ಬೆಳೆಸುತ್ತ ಕಳೆದ. ಕೇಂಬ್ರಿಜ್‌ನ ಧರ್ಮಶಾಸ್ತ್ರದ ಪ್ರಾಧ್ಯಾಪಕ ಹುದ್ದೆಯೂ ಅವನ ಹೆಸರಲ್ಲೇ ಇತ್ತು. ಅಲ್ಲಿ ಪಾಠ ಹೇಳಲು ಬದಲಿಯವರಿದ್ದರು.

ಹಾಗಾದರೆ ಊರಲ್ಲಿ ಕೆಲಸ ಮಾಡುತ್ತಿದ್ದವರು ಯಾರು? ಕ್ಯೂರೇಟುಗಳು. ಹುದ್ದೆಯ ಒಡೆತನವಿಲ್ಲದ, ಕೂಲಿಗೆ ನಿಂತ ಪಾದ್ರಿಗಳು. ಅವರಿಗೆ ವರ್ಷಕ್ಕೆ 20ರಿಂದ 50 ಪೌಂಡ್ ಒಳಗೆ ಸಂಬಳ ಗೊತ್ತುಮಾಡುವ ಅಧಿಕಾರವನ್ನು ರಾಣಿ ಆನ್‌ಳ ಕಾಲದ ಕಾನೂನು ಬಿಷಪರಿಗೆ ಕೊಟ್ಟಿತು. 1830ರ ದಶಕದಲ್ಲಿ ಸರ್ಕಾರಿ ಆಯೋಗ ಲೆಕ್ಕ ತೆಗೆದಾಗ ಕ್ಯೂರೇಟನ ಸರಾಸರಿ ಸಂಬಳ 80 ಪೌಂಡ್ ಆಸುಪಾಸಿನಲ್ಲಿತ್ತು. ಅದೇ ಹೊತ್ತಿಗೆ ಕ್ಯಾಂಟರ್ಬರಿ ಮತ್ತು ಡರ್ಹಮ್‌ಗಳ ಬಿಷಪ್ ಹುದ್ದೆಗಳ ವಾರ್ಷಿಕ ಆದಾಯ ತಲಾ 19,000 ಪೌಂಡ್‌ನಷ್ಟು. ಲಾಂಡಾಫ್‌ನದು ಸಾವಿರಕ್ಕೂ ಕಡಿಮೆ. ಮಳೆಯಲ್ಲಿ ನೆನೆದು ರೋಗಿಯ ಮನೆಗೆ ನಡೆದವನು, ರಾತ್ರಿ ಎದ್ದು ಸಾಯುವವನ ಕೈಹಿಡಿದವನು, ಭಾನುವಾರ ಮೂರು ಹಳ್ಳಿಗಳಲ್ಲಿ ಪ್ರಾರ್ಥನೆ ನಡೆಸಿದವನು 80 ಪೌಂಡಿನವನು. ಕಷ್ಟಪಟ್ಟವರ ಹೆಸರುಗಳು ಇತಿಹಾಸದ ಪುಸ್ತಕಗಳಲ್ಲಿ ವಿರಳ. ಬದಲಿ ನೇಮಿಸಿದವರ ಹೆಸರುಗಳು ಬೇಕಾದಷ್ಟಿವೆ. ಈ ವ್ಯವಸ್ಥೆಯ ದೊಡ್ಡ ಅನ್ಯಾಯ ಇಲ್ಲೇ ಇದೆ ಎಂದು ನಾನು ನಂಬುತ್ತೇನೆ.

ಯಾರೂ ಕಿತ್ತುಕೊಳ್ಳಲಾಗದ ಹಕ್ಕು

ಆದರೂ ಇದನ್ನು ಬರೀ ಕೇಡಿನ ಕಥೆಯಾಗಿ ಹೇಳಿದರೆ ಸತ್ಯಕ್ಕೆ ಅಪಚಾರವಾಗುತ್ತದೆ. ಬೆನಿಫಿಸ್ ಹಿಡಿದ ಪಾದ್ರಿಗೆ ಜೀವಮಾನದ ಹಕ್ಕು ಇತ್ತು. ನೇಮಿಸಿದ ಒಡೆಯನಾಗಲಿ, ಬಿಷಪನಾಗಲಿ, ಸಿಟ್ಟಿಗೆದ್ದ ಊರಾಗಲಿ ಅವನನ್ನು ಸುಲಭಕ್ಕೆ ಎಬ್ಬಿಸುವಂತಿರಲಿಲ್ಲ.

ಚಾರ್ಲ್ಸ್ ಸಿಮಿಯನ್‌ನ ಉದಾಹರಣೆ ನೋಡಿ. 1782ರಲ್ಲಿ, ಇನ್ನೂ ಎಳೆಯ ವಯಸ್ಸಿನ ಅವನನ್ನು ಬಿಷಪ್ ಕೇಂಬ್ರಿಜ್‌ನ ಹೋಲಿ ಟ್ರಿನಿಟಿ ಚರ್ಚಿಗೆ ನೇಮಿಸಿದ. ಸಭೆಯವರಿಗೆ ಬೇಕಾಗಿದ್ದವನು ಬೇರೆಯವನು. ಅವರು ತಮ್ಮ ತಮ್ಮ ಆಸನಗಳ ಕಟಕಟೆಗೆ ಬೀಗ ಜಡಿದು ಮನೆಯಲ್ಲುಳಿದರು. ಕೇಳಬಂದ ಬಡವರು ನಡುದಾರಿಯಲ್ಲಿ ನಿಂತರು. ಅವರಿಗಾಗಿ ಸಿಮಿಯನ್ ಸ್ವಂತ ಖರ್ಚಿನಲ್ಲಿ ಹಾಕಿಸಿದ ಬೆಂಚುಗಳನ್ನು ಚರ್ಚಿನ ಅಧಿಕಾರಿಗಳು ಹೊರಗೆಸೆದರು. ವರ್ಷಗಟ್ಟಲೆ ನಡೆದ ಈ ಹಗೆಯನ್ನು ಅವನು ತಾಳಿಕೊಂಡದ್ದು ನಂಬಿಕೆಯ ಬಲದಿಂದ. ಉಳಿದುಕೊಂಡದ್ದು ಬೆನಿಫಿಸ್‌ನ ಬಲದಿಂದ. 1836ರಲ್ಲಿ ಸಾಯುವವರೆಗೆ 54 ವರ್ಷ ಅದೇ ಚರ್ಚಿನಲ್ಲಿದ್ದ. ಕೊನೆಗೆ ಅದೇ ಊರು ಅವನನ್ನು ಗೌರವದಿಂದ ಮಣ್ಣುಮಾಡಿತು.

ನಮ್ಮ ನೆಲದೊಂದಿಗೂ ಅವನ ನಂಟಿದೆ. ಈಸ್ಟ್ ಇಂಡಿಯಾ ಕಂಪನಿಯ ಪಾದ್ರಿಗಳಾಗಿ ಭಾರತಕ್ಕೆ ಬಂದ ಹೆನ್ರಿ ಮಾರ್ಟಿನ್, ಡೇನಿಯಲ್ ಕೊರಿ ಮೊದಲಾದವರು ಅವನ ಒಡನಾಟದಲ್ಲಿ ಬೆಳೆದವರು. ಈ ಕೊರಿ 1835ರಲ್ಲಿ ಮದ್ರಾಸಿನ ಮೊದಲ ಬಿಷಪ್ ಆದ; ಬೆಂಗಳೂರಿನ ದಂಡು ಪ್ರದೇಶದ ಆಂಗ್ಲಿಕನ್ ಚರ್ಚುಗಳು ಆ ಡಯಾಸಿಸ್‌ಗೇ, ಅಂದರೆ ಬಿಷಪನ ಆಡಳಿತ ಪ್ರದೇಶಕ್ಕೇ, ಸೇರಿದವು. ಆದರೆ ಇಲ್ಲಿ ಬೆನಿಫಿಸ್ ಬೇರೂರಲಿಲ್ಲ. ಕಂಪನಿಯ ಪಾದ್ರಿಗೆ ಹೊಲವಿಲ್ಲ, ದಶಾಂಶವಿಲ್ಲ. ಕಂಪನಿ ಕೊಡುವ ಸಂಬಳವೇ ಎಲ್ಲ. ಸಂಬಳ ಕೊಟ್ಟವನಿಗೆ ವರ್ಗಮಾಡುವ ಅಧಿಕಾರವೂ ಇತ್ತು. ಕೇಂಬ್ರಿಜ್‌ನಲ್ಲಿ ಸಿಮಿಯನ್‌ನನ್ನು ಕಾಪಾಡಿದ ಕೋಟೆ ಇಲ್ಲಿನವರಿಗೆ ಇರಲಿಲ್ಲ.

ಬದುಕಿನ ಚಿಂತೆ ತೀರಿದ ಹಳ್ಳಿ ಪಾದ್ರಿಗಳಲ್ಲಿ ಹಲವರು ತಮ್ಮ ಬಿಡುವನ್ನು ಲೋಕಕ್ಕೆ ಕೊಟ್ಟರು. ಯಾಂತ್ರಿಕ ಮಗ್ಗಕ್ಕೆ 1785ರಲ್ಲಿ ಪೇಟೆಂಟ್ ಪಡೆದ ಎಡ್ಮಂಡ್ ಕಾರ್ಟ್‌ರೈಟ್ ಒಬ್ಬ ರೆಕ್ಟರ್. ನಾರ್ಫಕ್‌ನ ವೆಸ್ಟನ್ ಲಾಂಗ್‌ವಿಲ್‌ನ ರೆಕ್ಟರ್ ಜೇಮ್ಸ್ ವುಡ್‌ಫರ್ಡ್ ದಿನಚರಿ ಬರೆದ. ಪ್ರತಿ ಡಿಸೆಂಬರ್‌ನಲ್ಲಿ ರೈತರು ದಶಾಂಶದ ಹಣ ತಂದಾಗ ಅವರಿಗೆ ಗೋಮಾಂಸ, ಕುರಿಮಾಂಸ, ಪ್ಲಮ್ ಪುಡ್ಡಿಂಗ್, ಪಂಚ್‌ಗಳ ಔತಣವಿಟ್ಟು, ಕಹಿಯಾಗಬಹುದಾದ ವಸೂಲಿಯ ದಿನವನ್ನು ಹಬ್ಬವಾಗಿಸುತ್ತಿದ್ದ ವಿವರ ಅದರಲ್ಲಿದೆ. ಸೆಲ್‌ಬೋರ್ನ್ ಹಳ್ಳಿಯ ಹಕ್ಕಿ, ಹುಳು, ಗಿಡಗಳನ್ನು ಕುರಿತು 1789ರಲ್ಲಿ ಹೊತ್ತಗೆ ಹೊರತಂದ ಗಿಲ್ಬರ್ಟ್ ವೈಟ್ ಆ ಹಳ್ಳಿಗೆ ಕ್ಯೂರೇಟ್ ಮಾತ್ರ. ದೂರದ ನಾರ್ತಾಂಪ್ಟನ್‌ಶೈರ್‌ನ ಮೊರ್ಟನ್ ಪಿಂಕ್ನಿಯ ಲಿವಿಂಗ್ ಅವನ ಹೆಸರಿನಲ್ಲಿತ್ತು, ಅಲ್ಲಿ ಇನ್ನೊಬ್ಬ ಬದಲಿ ದುಡಿಯುತ್ತಿದ್ದ. ನಾವು ಪ್ರೀತಿಯಿಂದ ಓದುವ ಪುಸ್ತಕದ ಹಿಂದೆಯೂ ಹೆಸರಿಲ್ಲದ ಒಬ್ಬ ಕ್ಯೂರೇಟನ ದುಡಿಮೆ ಇದೆ.

ಸಂತೆಗೆ ಬಂದ ಹುದ್ದೆ

18 ಮತ್ತು 19ನೇ ಶತಮಾನಗಳಲ್ಲಿ ಅಡ್ವೌಸನ್ ಹಕ್ಕುಗಳು ರಾಜಾರೋಷವಾಗಿ ಹರಾಜಾಗುತ್ತಿದ್ದವು. ಪತ್ರಿಕೆಗಳ ಜಾಹೀರಾತಿನಲ್ಲಿ ಆದಾಯ ಎಷ್ಟು, ಮನೆ ಎಂಥದು, ಸುತ್ತ ಬೇಟೆಗೆ ಅನುಕೂಲವಿದೆಯೇ ಎಂಬುದರೊಂದಿಗೆ ಹಾಲಿ ಪಾದ್ರಿಯ ವಯಸ್ಸೂ ಇರುತ್ತಿತ್ತು. ಖಾಲಿಯಿರುವ ಹುದ್ದೆಯನ್ನು ಮಾರುವುದು ಎಲಿಜಬೆತ್ ರಾಣಿಯ ಕಾಲದಿಂದಲೂ ಅಪರಾಧ. ಹಾಗಾಗಿ ಪಾದ್ರಿ ಬದುಕಿರುವಾಗಲೇ, ಅವನ ನಂತರದ ಸರದಿಯನ್ನು ಮಾರುತ್ತಿದ್ದರು. ಪಾದ್ರಿ ಮುದುಕನಾದಷ್ಟೂ ಬೆಲೆ ಏರುತ್ತಿತ್ತು. ಇದೇ ಸಂತೆಯಲ್ಲಿ ಸಿಮಿಯನ್ ಕೂಡ ಹಣ ಕೂಡಿಸಿ ಬಾತ್ ಮೊದಲಾದ ಪಟ್ಟಣಗಳ ಅಡ್ವೌಸನ್‌ಗಳನ್ನು ಕೊಂಡು, ಯೋಗ್ಯರನ್ನು ನೇಮಿಸಲೆಂದೇ ಒಂದು ಟ್ರಸ್ಟ್ ಕಟ್ಟಿದ. ಸಂತೆಯನ್ನು ಮುಚ್ಚಲಾಗದಾಗ ಸರಕನ್ನಾದರೂ ಕೆಟ್ಟವರ ಕೈಗೆ ಸಿಗದಂತೆ ನೋಡಿಕೊಂಡ.

ಬಡ ಪಾದ್ರಿಗಳ ನೆರವಿಗೆ ಮೊದಲ ದೊಡ್ಡ ಹೆಜ್ಜೆ ಇಟ್ಟವಳು ರಾಣಿ ಆನ್. ಹೊಸ ಪಾದ್ರಿ ತನ್ನ ಮೊದಲ ವರ್ಷದ ಆದಾಯವನ್ನೂ, ಆಮೇಲೆ ಪ್ರತಿ ವರ್ಷ ಹತ್ತನೇ ಒಂದು ಭಾಗವನ್ನೂ ರೋಮಿಗೆ ಕಟ್ಟುವ ಪದ್ಧತಿ ಹಿಂದಿತ್ತು. 1534ರಲ್ಲಿ ಎಂಟನೇ ಹೆನ್ರಿ ಅದನ್ನು ತನ್ನ ಖಜಾನೆಗೆ ತಿರುಗಿಸಿಕೊಂಡ. ಯಾವ ಚರ್ಚಿಗೆ ಎಷ್ಟು ಆದಾಯವೆಂದು ಮರುವರ್ಷವೇ ದೇಶವೆಲ್ಲ ಅಳೆಸಿ ದಾಖಲಿಸಿದ. 1704ರಲ್ಲಿ ಆನ್ ಈ ಹಣವನ್ನು ಬಡ ಲಿವಿಂಗ್‌ಗಳಿಗೆಂದು ಬಿಟ್ಟುಕೊಟ್ಟಳು. ವರ್ಷಕ್ಕೆ 10 ಪೌಂಡ್ ಕೂಡ ಹುಟ್ಟದ ಊರುಗಳಿಂದ ಆರಂಭಿಸಿ, ಚೀಟಿ ಎತ್ತಿ, ಬಂದ ಊರಿಗೆ 200 ಪೌಂಡ್ ಕೊಟ್ಟು ಹೊಲ ಕೊಳ್ಳಿಸುತ್ತಿದ್ದರು. ಆ ದಯೆಯ ನಿಧಿಯ ಮೇಲೂ ಒಂದು ಕರಿನೆರಳಿದೆ. ಅದರ ಹಣದ ದೊಡ್ಡ ಪಾಲನ್ನು 18ನೇ ಶತಮಾನದಲ್ಲಿ ಗುಲಾಮರ ಸಾಗಾಟ ನಡೆಸಿದ ಸೌತ್ ಸೀ ಕಂಪನಿಯ ಪತ್ರಗಳಲ್ಲಿ ತೊಡಗಿಸಲಾಗಿತ್ತು. ಚರ್ಚ್ ಆಫ್ ಇಂಗ್ಲೆಂಡ್ 2023ರ ಜನವರಿಯಲ್ಲಿ ಈ ಬಗೆಗಿನ ವರದಿಯನ್ನು ಪ್ರಕಟಿಸಿ, ಪ್ರಾಯಶ್ಚಿತ್ತವಾಗಿ 10 ಕೋಟಿ ಪೌಂಡ್ ಎತ್ತಿಡುವುದಾಗಿ ಘೋಷಿಸಿತು. ಹಣ ಎಲ್ಲಿಂದ ಬಂತು ಎಂಬ ಪ್ರಶ್ನೆ, ಯಾರಿಗೆ ಹೋಯಿತು ಎಂಬ ಪ್ರಶ್ನೆಯಷ್ಟೇ ಗಟ್ಟಿಯಾದದ್ದೆಂದು ಚರ್ಚು ಒಪ್ಪಿಕೊಂಡಂತಾಯಿತು.

ರೈತನ ಸಹನೆ ಮುಗಿದಾಗ

ದಶಾಂಶ ಬೀಳುತ್ತಿದ್ದದ್ದು ಬೆಳೆಯ ಮೇಲೆ, ಲಾಭದ ಮೇಲಲ್ಲ. ಗೊಬ್ಬರ ಹಾಕಿ, ಕಾಲುವೆ ತೋಡಿ ಇಳುವರಿ ಹೆಚ್ಚಿಸಿದ ರೈತನಿಂದ ಕಾಸು ಹಾಕದವನು ಹೆಚ್ಚು ಪಾಲು ಒಯ್ಯುತ್ತಿದ್ದ. ದಶಾಂಶ ಕೊಡುವುದು ತಮ್ಮ ಮನಸ್ಸಾಕ್ಷಿಗೆ ವಿರುದ್ಧವೆಂದ ಕ್ವೇಕರ್ ಪಂಥದವರು 17ನೇ ಶತಮಾನದಲ್ಲಿ ಸೆರೆಮನೆ ಕಂಡರು. ಐರ್ಲೆಂಡಿನಲ್ಲಿ ಗಾಯ ಇನ್ನೂ ಆಳ: ಕ್ಯಾಥೊಲಿಕ್ ಬಡರೈತರು ತಾವು ಎಂದೂ ಕಾಲಿಡದ ಪ್ರೊಟೆಸ್ಟೆಂಟ್ ಚರ್ಚಿಗೆ ದಶಾಂಶ ತೆರಬೇಕಿತ್ತು. 1830ರ ದಶಕದಲ್ಲಿ ಅವರು ತಿರುಗಿಬಿದ್ದರು. 1834ರ ಡಿಸೆಂಬರ್‌ನಲ್ಲಿ ಕಾರ್ಕ್ ಕೌಂಟಿಯ ರಾತ್‌ಕಾರ್ಮಕ್ ಬಳಿ ಒಬ್ಬ ವಿಧವೆಯ ದಶಾಂಶದ ಬಾಕಿ ವಸೂಲಿಗೆ ಸೈನಿಕರು ಬಂದರು. ಅವರ ಗುಂಡಿಗೆ ಹಲವರು ಪ್ರಾಣ ಬಿಟ್ಟರು. ಬಡವರಿಗೊಂದು ಪಾಲು ಎಂದು ಹುಟ್ಟಿದ ಆದಾಯ ಬಡವರ ಹೆಣದ ಮೇಲೆ ವಸೂಲಾಗುವ ಸ್ಥಿತಿಗೆ ಬಂದಿತ್ತು.

ಆಮೇಲೆ ಸುಧಾರಣೆಗಳು ಒಂದರ ಹಿಂದೊಂದು ಬಂದವು. 1836ರ ಕಾನೂನು ವಸ್ತುರೂಪದ ದಶಾಂಶವನ್ನು ಗೋಧಿ, ಬಾರ್ಲಿ, ಓಟ್ಸ್‌ಗಳ ಏಳು ವರ್ಷದ ಸರಾಸರಿ ಬೆಲೆಯ ಮೇಲೆ ನಗದಾಗಿ ಮಾರ್ಪಡಿಸಿತು. ಅದಕ್ಕೆಂದು ಹೊಲ ಹೊಲ ಅಳೆದು ತಯಾರಿಸಿದ ಹನ್ನೊಂದು ಸಾವಿರಕ್ಕೂ ಹೆಚ್ಚು ಪ್ರದೇಶಗಳ ದಾಖಲೆಗಳು ಇಂದು ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಗ್ರಾಮಚರಿತ್ರೆಯ ಬೊಕ್ಕಸ. ಅದೇ ವರ್ಷ ಕಾಯಂಗೊಂಡ ಚರ್ಚಿನ ಆಯೋಗ ಶ್ರೀಮಂತ ಬಿಷಪರ ಮತ್ತು ಕ್ಯಾಥೆಡ್ರಲ್‌ಗಳ ಹೆಚ್ಚುವರಿ ಆದಾಯವನ್ನು ಬಡ ಪ್ಯಾರಿಷ್‌ಗಳ ಕಡೆ ತಿರುಗಿಸತೊಡಗಿತು. 1838ರ ಕಾನೂನು ಒಬ್ಬನಿಗೆ ಎರಡಕ್ಕಿಂತ ಹೆಚ್ಚು ಲಿವಿಂಗ್ ಕೂಡದು, ಅವೂ ಹತ್ತು ಮೈಲಿಯೊಳಗಿರಬೇಕು ಎಂದಿತು. 1898ರಲ್ಲಿ ಬೆನಿಫಿಸ್‌ಗಳ ಬಹಿರಂಗ ಹರಾಜಿಗೆ ಕಡಿವಾಣ ಬಿತ್ತು. 1936ರಲ್ಲಿ ದಶಾಂಶದ ನಗದು ತೆರಿಗೆಯೂ ರದ್ದಾಯಿತು. 1978ರಲ್ಲಿ ಗ್ಲೀಬ್ ಹೊಲಗಳು ಪಾದ್ರಿಗಳ ಕೈಯಿಂದ ಡಯಾಸಿಸ್‌ಗಳ ಕೈಗೆ ಹೋದವು. 2011ರಿಂದ ಹೊಸದಾಗಿ ಬರುವ ಪಾದ್ರಿಗಳಿಗೆ ಹಳೆಯ ಜೀವಮಾನದ ಹಕ್ಕಿನ ಜಾಗದಲ್ಲಿ, ಕಾರ್ಯವಿಮರ್ಶೆಗೆ ಒಳಪಟ್ಟ ಹೊಸ ಬಗೆಯ ಸೇವಾಭದ್ರತೆ ಇದೆ. ಶ್ರೀಮಂತ ಊರು, ಬಡ ಊರು ಎಂಬ ಭೇದ ಅಳಿದು, ಪಾದ್ರಿಗಳ ಭತ್ಯೆ ಬಹುಮಟ್ಟಿಗೆ ಸಮವಾಗಿದೆ. ಗೆದ್ದದ್ದು ದೊಡ್ಡದು. ಬಿಟ್ಟುಕೊಟ್ಟದ್ದೂ ಇದೆ: ಊರೂ ಬಿಷಪನೂ ಒಂದಾಗಿ ಎದುರಾದರೂ ಕದಲದೆ ನಿಲ್ಲುವ ಸಿಮಿಯನ್‌ನಂಥವನಿಗಿದ್ದ ಆಸರೆ.

ಹೊಲಕ್ಕೆ ಅಂಟಿದ ಋಣ

ಹಳೆಯ ಕಟ್ಟುಪಾಡಿನ ಒಂದು ಬೇರು ಮಾತ್ರ ಇನ್ನೂ ಒಣಗಿಲ್ಲ. ರೆಕ್ಟರ್ ಆದವನು ಚರ್ಚಿನ ಪೂಜಾಸ್ಥಾನದ ಭಾಗವನ್ನು ದುರಸ್ತಿ ಮಾಡಿಸಬೇಕು ಎಂಬುದು ಮಧ್ಯಯುಗದ ನಿಯಮ. ಮಠಗಳ ದಶಾಂಶ ಗೃಹಸ್ಥರಿಗೆ ಹೋದಾಗ ಈ ಹೊಣೆಯೂ ಜೊತೆಗೇ ಹೋಯಿತು. ದಶಾಂಶದ ಬದಲು ಹೊಲ ಕೊಟ್ಟಾಗ ಆ ಹೊಲಕ್ಕೆ ಅಂಟಿತು. ವಾರ್ವಿಕ್‌ಶೈರ್‌ನ ಆಸ್ಟನ್ ಕ್ಯಾಂಟ್ಲೋ ಎಂಬಲ್ಲಿ ದಂಪತಿಗಳ ಕೈಯಲ್ಲಿದ್ದ ಜಮೀನು 18ನೇ ಶತಮಾನದಲ್ಲಿ ಹೀಗೆ ದಶಾಂಶಕ್ಕೆ ಬದಲಾಗಿ ಗೊತ್ತಾದದ್ದು. ಚರ್ಚಿನ ದುರಸ್ತಿಗೆ 95,000 ಪೌಂಡ್‌ಗೂ ಹೆಚ್ಚು ಕೊಡಿ ಎಂದು ಪ್ಯಾರಿಷ್ ಕೇಳಿದಾಗ ಅವರು ನ್ಯಾಯಾಲಯಕ್ಕೆ ಹೋದರು. 2003ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು: ಹೊಣೆ ಅವರದೇ.

ಆ ಕುಟುಂಬಕ್ಕೆ ಇದು ಕಠಿಣವಾಗಿಯೇ ಇತ್ತು. ಶತಮಾನಗಳ ಹಿಂದೆ ಯಾರೋ ಉಂಡ ಊಟಕ್ಕೆ ಇಂದಿನವರು ಬೆಲೆ ತೆರುವುದು ಸರಿಯೇ ಎಂಬ ಚರ್ಚೆ ಅಲ್ಲಿ ಇನ್ನೂ ನಡೆದಿದೆ. ಆದರೂ ಈ ತೀರ್ಪಿನ ಒಳಗಿರುವ ಹಳೆಯ ವಿವೇಕವನ್ನು ತಳ್ಳಿಹಾಕುವಂತಿಲ್ಲ. ಕೆಲಸಕ್ಕೆಂದು ಬಿಟ್ಟ ಆದಾಯ ಎಷ್ಟು ಕೈ ಬದಲಾದರೂ, ಎಷ್ಟು ಸಲ ಮಾರಾಟವಾದರೂ, ಆ ಕೆಲಸದ ಋಣ ಅದರಿಂದ ಕಳಚುವುದಿಲ್ಲ. ಇಂಗ್ಲೆಂಡ್ ಈ ಮಾತನ್ನು ಒಂದು ಕುಟುಂಬದ ಮೇಲೆ ಹೇರುವ ಬದಲು ಮಠಗಳಿಗೆ, ಬೋಗೋ ಡಿ ಕ್ಲೇರ್‌ಗೆ, ವೂಲ್ಸಿಗೆ, ಹೆನ್ರಿಯ ಆಸ್ಥಾನಿಕರಿಗೆ ಸಕಾಲದಲ್ಲಿ ಹೇಳಿದ್ದರೆ ಎಷ್ಟೋ ಕ್ಯೂರೇಟುಗಳು ನೆಮ್ಮದಿಯಿಂದ ಉಣ್ಣುತ್ತಿದ್ದರು, ರಾತ್‌ಕಾರ್ಮಕ್‌ನಲ್ಲಿ ರಕ್ತ ಹರಿಯುತ್ತಿರಲಿಲ್ಲ. ದೇವಾಲಯವಿರಲಿ, ಚರ್ಚಿರಲಿ, ಶಾಲೆಯಿರಲಿ, ಸೇವೆಗೆಂದು ಎತ್ತಿಟ್ಟ ಆಸ್ತಿಯನ್ನು ಕಾಯುವವರು ಯಾವ ದೇಶದಲ್ಲಿದ್ದರೂ ಲೆಕ್ಕದ ಪುಸ್ತಕ ತೆರೆದಾಗ ಎರಡು ಹೆಸರುಗಳನ್ನು ಮೊದಲು ಹುಡುಕಬೇಕು: ಉಂಡವರ ಹೆಸರು, ದುಡಿದವರ ಹೆಸರು. ಅವೆರಡೂ ಬೇರೆ ಬೇರೆಯಾಗಿದ್ದರೆ, ಸರಿಪಡಿಸುವ ಕೆಲಸ ಅಂದೇ ಆರಂಭವಾಗಬೇಕು.